ಚಿಕ್ಕವರು ಒಬ್ಬರೇ ನುಡಿಸಿದ್ದು

ಅವರನ್ನು ಎಲ್ಲರೂ ಚಿಕ್ಕವರು ಎಂದೇ ಕರೆಯುವುದು. ಈಗ ಎಪ್ಪತ್ತಾಗಿದೆ, ಮುಂದಿನ ಎರಡು ಹಲ್ಲು ಕಟ್ಟಿಸಿಕೊಂಡಿದ್ದಾರೆ, ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುತ್ತಾರೆ, ಆದರೂ ಚಿಕ್ಕವರೇ. ಅವರ ಅಣ್ಣ ದೊಡ್ಡವರು. ಇಬ್ಬರೂ ಸಿತಾರ್ ನುಡಿಸುತ್ತಿದ್ದರು. ವೇದಿಕೆಯ ಮೇಲೆ ದೊಡ್ಡವರು ಬಲಗಡೆ, ಚಿಕ್ಕವರು ಎಡಗಡೆ, ನಡುವೆ ನಾನು ಮತ್ತು ನನ್ನ ತಬಲಾ. ಇಪ್ಪತ್ತೇಳು ವರ್ಷ ಹಾಗೆ ಕೂತಿದ್ದೇನೆ. ಅದರಲ್ಲಿ ಕೊನೆಯ ಹನ್ನೊಂದು ವರ್ಷ ತಬಲಾ ನುಡಿಸುವುದರ ಜೊತೆಗೆ ಅಂಚೆಯವನ ಕೆಲಸವನ್ನೂ ಮಾಡಿದೆ. ಯಾಕೆಂದರೆ ಅಣ್ಣ ತಮ್ಮ ಮಾತು ಬಿಟ್ಟಿದ್ದರು.

ಅವರದು ಸಿತಾರಿನ ಮನೆ. ಅಜ್ಜ ನುಡಿಸುತ್ತಿದ್ದರು, ಅಜ್ಜನ ಅಣ್ಣ ನುಡಿಸುತ್ತಿದ್ದರು, ಅಪ್ಪನಂತೂ ಊಟ ನಿದ್ದೆ ಬಿಟ್ಟರೆ ನುಡಿಸುವುದಲ್ಲದೆ ಬೇರೆ ಏನೂ ಮಾಡಿದವರಲ್ಲ. ಇಕ್ಕಟ್ಟು ಬೀದಿಯಲ್ಲಿ ಎರಡಂತಸ್ತಿನ ಮನೆ, ಎದುರಿಗೆ ಅಚ್ಚುಕೂಟ. ಅದರ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಒಂದೇ ಲಯದಲ್ಲಿ ಧಡ್ ಧಡ್ ಎನ್ನುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಮನೆ ಬದಲಾಯಿಸುತ್ತಿದ್ದರು. ಅಪ್ಪ ಮಾತ್ರ, ಪುಕ್ಕಟೆ ತಾಳ ಸಿಕ್ಕಿತು ಎಂದು ಕಿಟಕಿ ತೆರೆದಿಟ್ಟು ಮಕ್ಕಳನ್ನು ಅದರ ಮುಂದೆ ಕೂರಿಸಿದರು. ಕಾಗದ ಸಿಕ್ಕಿಹಾಕಿಕೊಂಡು ಯಂತ್ರ ನಿಂತರೆ ಮಕ್ಕಳು ನಿಲ್ಲಿಸುವಂತಿರಲಿಲ್ಲ. ಅದು ಮತ್ತೆ ಶುರುವಾದಾಗ ಇವರ ಲಯ ಅದರ ಜೊತೆ ಕೂಡಬೇಕಿತ್ತು. ಕೂಡದಿದ್ದರೆ ಬಚ್ಚಲಲ್ಲಿ ಗಡ್ಡ ಹೆರೆಯುತ್ತಿದ್ದ ಅಪ್ಪ ತಂಬಿಗೆಯಿಂದ ಬಾಗಿಲಿಗೆ ಕುಟ್ಟುತ್ತಿದ್ದರು.

ಚಿಕ್ಕವರಿಗೆ ಆರು ವರ್ಷ, ದೊಡ್ಡವರಿಗೆ ಹನ್ನೊಂದು. ಅಪ್ಪ ಇಬ್ಬರನ್ನೂ ಎದುರುಬದುರು ಕೂರಿಸಿ ಒಂದು ಪಾಠವನ್ನು ಎರಡು ಪಾಲು ಮಾಡಿ ಕೊಡುತ್ತಿದ್ದರು. ಮೊದಲ ಪಾಲು ದೊಡ್ಡವನಿಗೆ, ಎರಡನೆಯದು ಚಿಕ್ಕವನಿಗೆ. ಅಣ್ಣ ಒಂದು ಮಾತು ಕೇಳಿದಂತೆ ನುಡಿಸಬೇಕು, ತಮ್ಮ ಅದಕ್ಕೆ ಉತ್ತರ ಹೇಳಿದಂತೆ ನುಡಿಸಬೇಕು. ಇದು ಮೊದಲು ಕಲಿಸುವ ಅನುಕೂಲಕ್ಕೆ ಮಾಡಿದ್ದು. ಆಮೇಲೆ ಅದೇ ಅವರ ಶೈಲಿಯಾಯಿತು, ಅದಕ್ಕೇ ಹೆಸರು ಬಂತು. ಚಿಕ್ಕವರಿಗೆ ಹದಿನಾಲ್ಕಾದಾಗ ಮೊದಲ ಕಛೇರಿ. ಅಲ್ಲಿಂದ ಮುಂದೆ ಯಾವ ಊರಿನ ಯಾವ ಸಭಾಂಗಣವೇ ಆಗಲಿ, ಕಾರ್ಯಕ್ರಮದ ಹಾಳೆಯ ಮೇಲೆ ಒಂದೇ ಸಾಲಿನಲ್ಲಿ ಎರಡು ಹೆಸರು. ಒಂದನ್ನು ಬಿಟ್ಟು ಇನ್ನೊಂದನ್ನು ಯಾರೂ ಅಚ್ಚು ಹಾಕಿಸಲಿಲ್ಲ.

ದೊಡ್ಡವರು ಮದುವೆ ಮಾಡಿಕೊಂಡು ಮೇಲಿನ ಅಂತಸ್ತಿಗೆ ಹೋದರು. ಆಗ ಚಿಕ್ಕವರಿಗೆ ಹದಿನೇಳು. ತಾಯಿ ಆ ಹೊತ್ತಿಗೆ ಇರಲಿಲ್ಲ, ಆದ್ದರಿಂದ ಈ ಹುಡುಗನ ಅಂಗಿಗೆ ಗುಂಡಿ ಹಚ್ಚುವ ಕೆಲಸ ಬಂದ ವಾರದಲ್ಲೇ ಅತ್ತಿಗೆಯ ಪಾಲಿಗೆ ಬಿತ್ತು. ಕೆಳಗಿನ ಅಂತಸ್ತಿನಲ್ಲಿ ಅಪ್ಪನ ಜೊತೆ ಚಿಕ್ಕವರು ಉಳಿದರು. ಅವರು ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಅಣ್ಣ ಇನ್ನೂ ಪ್ರಶ್ನೆ ಕೇಳಿಲ್ಲ, ನಾನು ಹೇಗೆ ಉತ್ತರ ಕೊಡಲಿ ಎಂದು ನಗಿಸುತ್ತಿದ್ದರು. ಒಂದು ಕಡೆ ಮಾತುಕತೆಯವರೆಗೆ ಹೋಗಿತ್ತೆಂದೂ, ಆ ವರ್ಷ ನಾಲ್ಕು ತಿಂಗಳು ಪ್ರವಾಸದಲ್ಲೇ ಕಳೆದು ಹುಡುಗಿಯ ಮನೆಯವರು ಕಾದು ಕಾದು ಬೇರೆ ಕಡೆ ನೋಡಿಕೊಂಡರೆಂದೂ ನನಗೆ ಹೇಳಿದ್ದು ಅತ್ತಿಗೆ. ನಾನೂ ಅವರನ್ನು ಅತ್ತಿಗೆ ಎಂದೇ ಕರೆಯುತ್ತೇನೆ.

ನಾನು ಸೇರಿಕೊಂಡಾಗ ಚಿಕ್ಕವರಿಗೆ ಮೂವತ್ತನಾಲ್ಕು. ನನಗೆ ಇಪ್ಪತ್ಮೂರು. ಅಣ್ಣ ತಮ್ಮಂದಿರು ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ. ಇಬ್ಬರಿಗೂ ನಾನು ತಬಲಾ. ‘ತಬಲಾ, ಚಹಾ ಕುಡೀತೀಯಾ’, ‘ತಬಲಾ, ಟಿಕೆಟ್ ತಗೊಂಡ್ಯಾ’. ದೊಡ್ಡವರು ಮಾತು ಕಡಿಮೆ, ಅಳೆದು ತೂಗಿ ಆಡುವವರು. ಚಿಕ್ಕವರು ವಾಚಾಳಿ, ನಗೆಗಾರರು. ರೈಲಿನಲ್ಲಿ ಅಕ್ಕಪಕ್ಕದವರನ್ನೆಲ್ಲ ಮಾತಿಗೆಳೆಯುತ್ತಿದ್ದರು, ಕಛೇರಿಗೆ ಮುಂಚೆ ಎಲ್ಲರಿಗೂ ಎದೆ ಡವಡವ ಎನ್ನುವಾಗ ಅವರು ಏನಾದರೊಂದು ಹಾಸ್ಯ ಮಾಡಿ ವಾತಾವರಣ ಹಗುರ ಮಾಡುತ್ತಿದ್ದರು. ಹನ್ನೊಂದು ವರ್ಷದ ಮುನಿಸಿಗೆ ಕಾರಣವಾದದ್ದೂ ಅಂಥದೇ ಒಂದು ಹಾಸ್ಯ.

ಆ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಬೇರೆ ಊರಿನಲ್ಲಿ ಕಛೇರಿ. ಹಿಂದಿನ ದಿನವೇ ಹೋಗಿದ್ದೆವು. ಅಪ್ಪನಿಗೆ ಎಂಬತ್ತೊಂದು, ಮನೆಯಲ್ಲಿ ಅತ್ತಿಗೆಯ ಜೊತೆ ಇದ್ದರು. ನೆಗಡಿ ಬಿಟ್ಟರೆ ಬೇರೇನೂ ಇರಲಿಲ್ಲ. ವೇದಿಕೆಯ ಹಿಂದಿನ ಕೋಣೆಯಲ್ಲಿ ಕನ್ನಡಿ, ಎರಡು ಕುರ್ಚಿ, ಒಂದು ಚಾಪೆ. ನಿರೂಪಣೆ ಮಾಡುವ ಯುವಕ ಬಂದು ಚಿಕ್ಕವರ ಹತ್ತಿರ ಬಹಳ ವಿನಯದಿಂದ, ನಿಮ್ಮ ತಂದೆಯವರು ಹೊರಗಡೆ ಆಫೀಸಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಾರೆ, ಅವರಿಗೂ ವೇದಿಕೆ ಮೇಲೆ ಕುರ್ಚಿ ಹಾಕಿಸಲೇ ಎಂದು ಕೇಳಿದ. ಅವನು ಹೇಳಿದ್ದು ದೊಡ್ಡವರ ಬಗ್ಗೆ. ಅವರಿಗೆ ನಲವತ್ತಕ್ಕೇ ತಲೆ ಪೂರ್ತಿ ಬೆಳ್ಳಗಾಗಿತ್ತು. ಚಿಕ್ಕವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ನಿರೂಪಕ ಕೆಂಪಾಗಿ ಹೊರಗೆ ಹೋದ. ಅಷ್ಟರಲ್ಲಿ ದೊಡ್ಡವರು ಬಾಗಿಲಲ್ಲಿ ಕಾಣಿಸಿಕೊಂಡರು.

“ಬಾಪ್ಪಾ ಬಾ,” ಎಂದರು ಚಿಕ್ಕವರು, ಸಿತಾರನ್ನು ತೊಡೆಯ ಮೇಲೆ ಇಟ್ಟುಕೊಂಡೇ. “ಅಪ್ಪಾ, ನಿನಗೆ ಕುರ್ಚಿ ಹಾಕಿಸ್ತಾರಂತೆ.”

ದೊಡ್ಡವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಏನೂ ಹೇಳಲಿಲ್ಲ. ಅವರು ಮಾತು ಕಡಿಮೆಯವರಾದ್ದರಿಂದ ನಮಗೆ ಏನೂ ವಿಶೇಷ ಅನಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಬಂದು ಸಿತಾರ್ ತೆಗೆದುಕೊಂಡು ಶ್ರುತಿ ಮಾಡತೊಡಗಿದರು.

ಅಂದು ನುಡಿಸಿದ್ದು ಅಲ್ಹೈಯಾ ಬಿಲಾವಲ್, ಬೆಳಗಿನ ಹೊತ್ತಿನ ತಿಳಿಯಾದ ರಾಗ. ಚಿಕ್ಕವರ ಕೈ ಅಷ್ಟು ಹಗುರವಾಗಿ ಓಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅಣ್ಣ ಕೇಳಿದ್ದಕ್ಕೆಲ್ಲ ತುಂಟತನದ ಉತ್ತರ. ಜನ ನಡುನಡುವೆ ನಗುತ್ತಿದ್ದರು. ದೊಡ್ಡವರು ತಲೆ ಬಗ್ಗಿಸಿಕೊಂಡು ಒಂದೂ ಸ್ವರ ತಪ್ಪದೆ ಎರಡು ಗಂಟೆ ನುಡಿಸಿದರು. ಚಪ್ಪಾಳೆ ಮುಗಿದು ಹಿಂದಿನ ಕೋಣೆಗೆ ಬಂದ ಮೇಲೆ ಬಾಗಿಲು ಹಾಕಿ, ಅಪ್ಪ ಹೋದರು ಎಂದರು.

ಚಿಕ್ಕವರು ಮೊದಲು ಕೇಳಿದ್ದು ಯಾವಾಗ ಹೋದರು ಎಂದಲ್ಲ. ಅಣ್ಣನ ಮುಖವನ್ನೇ ನೋಡುತ್ತಾ, “ನಿನಗೆ ಯಾವಾಗ ಗೊತ್ತಾಯ್ತು?” ಎಂದರು.

“ಹತ್ತು ಗಂಟೆಗೆ. ಅವಳು ಫೋನ್ ಮಾಡಿದ್ಳು.”

“ಗೊತ್ತಿದ್ದೂ ನುಡಿಸಿದ್ಯಾ?”

“ಹೂಂ.”

“ನನ್ನನ್ನೂ ನುಡಿಸಿದೆ. ನಗಿಸ್ಕೊಂಡು ನುಡಿಸಿದೆ.”

ದೊಡ್ಡವರು ಏನೋ ಹೇಳಲು ಬಾಯಿ ತೆರೆದರು. ಚಿಕ್ಕವರು ಆಗಲೇ ಬೆನ್ನು ತಿರುಗಿಸಿ ಪೆಟ್ಟಿಗೆಯ ಚಿಲಕ ಹಾಕುತ್ತಿದ್ದರು. ಅದೇ ಕೊನೆ. ರೈಲಿನಲ್ಲಿ ಮನೆಗೆ ಹೋಗುವಷ್ಟೂ ಹೊತ್ತು ಒಬ್ಬರು ಈ ಕಿಟಕಿ, ಇನ್ನೊಬ್ಬರು ಆ ಕಿಟಕಿ. ಅಪ್ಪನನ್ನು ಕಳಿಸಿಕೊಡುವ ಕೆಲಸವೆಲ್ಲ ಮುಗಿದ ಮೇಲೂ ಮಾತು ಮರಳಲಿಲ್ಲ. ಒಂದು ವಾರದ ಮುನಿಸು ಎಂದುಕೊಂಡೆ, ಆಮೇಲೆ ಒಂದು ತಿಂಗಳಿನದು ಎಂದುಕೊಂಡೆ. ಲೆಕ್ಕ ಹಾಕುವುದನ್ನು ಬಿಟ್ಟೆ.

ಕಛೇರಿಗಳು ಮಾತ್ರ ನಿಲ್ಲಲಿಲ್ಲ. ಒಪ್ಪಿಕೊಂಡದ್ದು ಮುಂದಿನ ಒಂದೂವರೆ ವರ್ಷದವರೆಗೆ ಇತ್ತು, ಅದು ಮುಗಿಯುವಷ್ಟರಲ್ಲಿ ಹೊಸವು ಬಂದವು. ಇಬ್ಬರಿಗೂ ಬೇರೆ ಕೆಲಸ ಗೊತ್ತಿರಲಿಲ್ಲ. ಆದ್ದರಿಂದ ಮಾತಿಲ್ಲದೆಯೇ ಊರೂರು ಸುತ್ತಿದೆವು. ಒಂದು ಮೊಳ ದೂರದಲ್ಲಿ ಕೂತ ಅಣ್ಣನಿಗೆ ಕೇಳುವಂತೆ ಚಿಕ್ಕವರು ನನಗೆ ಹೇಳುವರು, “ತಬಲಾ, ಇವತ್ತು ಶ್ರುತಿ ಸ್ವಲ್ಪ ಕೆಳಗಿರಲಿ ಅಂತ ಹೇಳು.” ನಾನು ಕತ್ತು ತಿರುಗಿಸಿ, ಶ್ರುತಿ ಕೆಳಗಿರಲಿ ಅಂತೆ ಎನ್ನುವೆ. ದೊಡ್ಡವರು, ಆಗಲಿ ಅಂತ ಹೇಳು ಎನ್ನುವರು. ನಾನು ಮತ್ತೆ ಕತ್ತು ತಿರುಗಿಸುವೆ. ನನ್ನ ಕತ್ತು ನೋವಿಗೆ ಡಾಕ್ಟರು ದಿಂಬು ಬದಲಾಯಿಸಲು ಹೇಳಿದರು. ಕಾರಣ ಅವರಿಗೆ ಹೇಗೆ ಹೇಳಲಿ.

ವೇದಿಕೆ ಹತ್ತಿದ ಮೇಲೆ ಮಾತ್ರ ನನ್ನ ಅಂಚೆ ಕೆಲಸ ಬೇಕಿರಲಿಲ್ಲ. ಅಣ್ಣ ಕೇಳುತ್ತಿದ್ದರು, ತಮ್ಮ ಹೇಳುತ್ತಿದ್ದರು. ಅಲ್ಲಿ ಮುನಿಸಿನ ಸುಳಿವೂ ಇರಲಿಲ್ಲ. ಮೊದಲಿಗಿಂತ ಚೆನ್ನಾಗಿ ನುಡಿಸುತ್ತಾರೆ, ವಯಸ್ಸಾದಂತೆ ಮಾಗಿದ್ದಾರೆ ಎಂದು ಜನ ಹೊಗಳಿದರು. ಇಡೀ ತಿಂಗಳು ಆಡಬೇಕಾದ ಮಾತನ್ನೆಲ್ಲ ಆ ಎರಡು ಗಂಟೆಯಲ್ಲಿ ಆಡಿಕೊಳ್ಳುತ್ತಿದ್ದಾರೆ ಎಂದು ನನಗೆ ಅನಿಸುತ್ತಿತ್ತು. ಪರದೆ ಬಿದ್ದ ಕೂಡಲೇ ಚಿಕ್ಕವರು ತಮ್ಮ ಪೆಟ್ಟಿಗೆ ಹೊತ್ತುಕೊಂಡು ಮೊದಲು ಹೊರಡುತ್ತಿದ್ದರು. ಆ ನಗೆಗಾರ ಎಲ್ಲಿ ಹೋದರೋ. ರೈಲಿನಲ್ಲಿ ಪಕ್ಕದವರು ತಾವಾಗಿ ಮಾತಾಡಿಸಿದರೂ ಹೂಂ ಉಹೂಂನಲ್ಲಿ ಮುಗಿಸುತ್ತಿದ್ದರು. ಕೆಳಗಿನ ಅಂತಸ್ತಿನಲ್ಲಿ ಒಬ್ಬರೇ ಅಡುಗೆ ಮಾಡಿಕೊಂಡು, ಒಂದೇ ತಟ್ಟೆ ತೊಳೆದಿಟ್ಟುಕೊಂಡು, ರೇಡಿಯೋದಲ್ಲಿ ವಾರ್ತೆ ಕೇಳುತ್ತಾ ಇದ್ದರು. ಅಪ್ಪನ ಕನ್ನಡಕ ಕಿಟಕಿಯ ಗೂಡಿನಲ್ಲಿ ಹಾಗೇ ಇತ್ತು.

ಹನ್ನೊಂದನೆಯ ವರ್ಷ ದೊಡ್ಡವರಿಗೆ ಹೊಟ್ಟೆನೋವು ಶುರುವಾಯಿತು. ಪರೀಕ್ಷೆ ಮಾಡಿದಾಗ ಕೈಮೀರಿದೆ ಎಂದರು. ಮೂರು ವಾರ ಆಸ್ಪತ್ರೆ. ಚಿಕ್ಕವರು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬಂದು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದರು, ಸಂಜೆ ಆರಕ್ಕೆ ಏಳುತ್ತಿದ್ದರು. ಅತ್ತಿಗೆ ಒಳಗೆ ಹೋಗು ಎಂದು ಎಷ್ಟು ಹೇಳಿದರೂ, ಅಣ್ಣ ನಿದ್ದೆ ಮಾಡುವ ಹೊತ್ತು ನೋಡಿ ಒಂದು ಸಲ ಇಣುಕಿ ಬರುತ್ತಿದ್ದರು ಅಷ್ಟೇ. ನರ್ಸ್ ಒಬ್ಬಳು ಅವರನ್ನು ಯಾವುದೋ ಬೇರೆ ರೋಗಿಯ ಕಡೆಯವರು ಎಂದುಕೊಂಡಿದ್ದಳು.

ಮೂರನೆಯ ವಾರ ಒಂದು ಮಧ್ಯಾಹ್ನ ನಾನೇ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದೆ. ದೊಡ್ಡವರು ಕಣ್ಣು ಮುಚ್ಚಿದ್ದರು. ಕೈ ಹೊದಿಕೆಯ ಮೇಲಿತ್ತು. ಎಡಗೈಯ ಎರಡು ಬೆರಳ ತುದಿಯಲ್ಲಿ ಐವತ್ತೈದು ವರ್ಷ ತಂತಿ ಕೊರೆದ ಕಪ್ಪು ಗೆರೆ. ಸಿತಾರ್ ಮುಟ್ಟಿ ತಿಂಗಳಾದ್ದರಿಂದ ಉಗುರು ಬೆಳೆದಿತ್ತು. ಚಿಕ್ಕವರು ಅದನ್ನೇ ನೋಡುತ್ತಾ ನಿಂತರು. ಆಮೇಲೆ ಜೇಬಿನಿಂದ ಉಗುರು ಕತ್ತರಿ ತೆಗೆದು, ಸ್ಟೂಲ್ ಎಳೆದುಕೊಂಡು ಕೂತು, ಆ ಕೈಯನ್ನು ತಮ್ಮ ಮಂಡಿಯ ಮೇಲಿಟ್ಟುಕೊಂಡು ಒಂದೊಂದೇ ಉಗುರು ಕತ್ತರಿಸತೊಡಗಿದರು. ನಾಲ್ಕನೆಯ ಬೆರಳಿಗೆ ಬಂದಾಗ ದೊಡ್ಡವರು ಕಣ್ಣು ತೆರೆದು ತಮ್ಮನನ್ನು ನೋಡಿದರು.

“ಊಟ ಆಯ್ತಾ?” ಎಂದರು.

ಹನ್ನೊಂದು ವರ್ಷದ ಮೇಲೆ ನೇರವಾಗಿ ಬಂದ ಮೊದಲ ಮಾತು. ಚಿಕ್ಕವರು ಕತ್ತರಿ ಹಿಡಿದ ಕೈಯನ್ನು ನಿಲ್ಲಿಸಿದರು. ನನ್ನ ಕಡೆ ತಿರುಗಿ, “ಆಯ್ತು ಅಂತ ಹೇಳು ತಬಲಾ,” ಎಂದರು.

ನಾನು ಹೇಳಿದೆ. “ಆಯ್ತಂತೆ.”

ದೊಡ್ಡವರು ತಲೆಯಾಡಿಸಿ ಮತ್ತೆ ಕಣ್ಣು ಮುಚ್ಚಿದರು. ಉಳಿದ ಉಗುರುಗಳನ್ನು ಕತ್ತರಿಸಿ, ಚೂರುಗಳನ್ನೆಲ್ಲ ಅಂಗೈಯಲ್ಲಿ ಒಟ್ಟುಮಾಡಿಕೊಂಡು ಚಿಕ್ಕವರು ಹೊರಗೆ ಬಂದರು. ಎರಡು ದಿನ ಬಿಟ್ಟು ಬೆಳಗಿನ ಜಾವ ದೊಡ್ಡವರು ತೀರಿಕೊಂಡರು. ಆ ಎರಡು ದಿನದಲ್ಲಿ ಅವರಿಗೆ ಪೂರ್ತಿ ಎಚ್ಚರ ಬರಲಿಲ್ಲ. ಅಂದು ನಾನು ಯಾಕೆ ಬಾಯಿ ಮುಚ್ಚಿಕೊಂಡು ಇರಲಿಲ್ಲ ಎಂದು ನನ್ನನ್ನು ನಾನೇ ಎಷ್ಟು ಸಲ ಬೈದುಕೊಂಡಿದ್ದೇನೋ. ನಾನು ಸುಮ್ಮನಿದ್ದಿದ್ದರೆ ಅವರೇ ಹೇಳುತ್ತಿದ್ದರೇನೋ.

ಮೂರು ತಿಂಗಳ ನಂತರ ಒಂದು ಕಛೇರಿ ಮೊದಲೇ ಒಪ್ಪಿಕೊಂಡದ್ದಿತ್ತು. ಸಂಘಟಕರು ಚಿಕ್ಕವರೊಬ್ಬರೇ ನುಡಿಸಲಿ, ಅಣ್ಣನಿಗೆ ಅರ್ಪಣೆಯಂತೆ ಆಗಲಿ ಎಂದರು. ಅವರು ಒಪ್ಪಿಕೊಂಡರು. ಒಪ್ಪಿದ್ದು ಯಾಕೆಂದರೆ ಏನಾಗುತ್ತದೆಂದು ಅವರಿಗೇ ಗೊತ್ತಿರಲಿಲ್ಲ. ಯಮನ್ ರಾಗ ಎತ್ತಿಕೊಂಡರು. ಒಂದು ಸ್ವರಗುಚ್ಛ ನುಡಿಸಿದರು, ನಿಲ್ಲಿಸಿದರು. ಕಿವಿ ಬಲಗಡೆಗೆ ವಾಲಿತು. ಅಲ್ಲಿ ಯಾರೂ ಇಲ್ಲ. ಮತ್ತೊಂದು ನುಡಿಸಿದರು, ಮತ್ತೆ ನಿಲ್ಲಿಸಿದರು. ಐವತ್ತೈದು ವರ್ಷ ಉತ್ತರ ಹೇಳಿದವರು. ಉತ್ತರವೇನೋ ಕೈಯಲ್ಲಿತ್ತು, ಅದಾದ ಮೇಲೆ ಮುಂದಿನ ಪ್ರಶ್ನೆ ಬರಲಿ ಎಂದು ಕಾಯುವುದಷ್ಟೇ ಅವರಿಗೆ ರೂಢಿ. ತಾಳ ಶುರುವಾದ ಮೇಲೆ ಆ ಖಾಲಿ ಜಾಗಗಳನ್ನು ನಾನು ನನಗೆ ಬಂದ ತಬಲಾದ ಬೋಲು, ಪೆಟ್ಟುಗಳಿಂದೆಲ್ಲ ತುಂಬಿದೆ. ನಲವತ್ತು ನಿಮಿಷಕ್ಕೆ ಮುಗಿಸಿಬಿಟ್ಟರು.

ಸಭೆಯಲ್ಲಿ ಅರ್ಧ ಜನ ಅಳುತ್ತಿದ್ದರು. ಮರುದಿನ ಪತ್ರಿಕೆಯಲ್ಲಿ ಮೌನದಿಂದಲೇ ಅಣ್ಣನಿಗೆ ಗೌರವ ಸಲ್ಲಿಸಿದ ಮಹಾ ಕಲಾವಿದ ಎಂದು ಬರೆದಿದ್ದರು. ನಾನು ಪತ್ರಿಕೆ ಹಿಡಿದುಕೊಂಡು ಮನೆಗೆ ಹೋದೆ. ಚಿಕ್ಕವರು ಓದಿ, ಮಡಚಿ, ನನ್ನ ಕೈಗೇ ವಾಪಸು ಕೊಟ್ಟರು.

“ಅದು ಗೌರವ ಅಲ್ಲ ತಬಲಾ,” ಎಂದರು. “ನನಗೆ ಮುಂದೆ ಬರಲ್ಲ. ಅಷ್ಟೇ ಆಗಿದ್ದು.”

ಉಳಿದ ಕಛೇರಿಗಳನ್ನು ರದ್ದು ಮಾಡಿದರು. ಸಿತಾರಿಗೆ ಗವಸು ಬಿತ್ತು. ಸಂಗೀತ ಶಾಲೆಯೊಂದರಲ್ಲಿ ವಾರಕ್ಕೆ ಎರಡು ದಿನ ಹೊಸಬರಿಗೆ ಕಲಿಸುವ ಕೆಲಸ ಹಿಡಿದರು. ಅಲ್ಲಿ ಹಲ್ಲಿನ ಡಾಕ್ಟರೊಬ್ಬರು, ಐವತ್ತರ ಹೆಂಗಸು, ಹುಮ್ಮಸ್ಸಿನಿಂದ ಬರುತ್ತಿದ್ದರು. ಚಿಕ್ಕವರಿಗೆ ಹಲ್ಲು ಕಟ್ಟಿದವರೂ ಅವರೇ. ಆಕೆ ಒಂದು ದಿನ, ಮನೆಯಲ್ಲಿ ಸುಮ್ಮನೆ ಕೂತು ನುಡಿಸಬೇಕೆಂದರೆ ಎಲ್ಲಿಂದ ಶುರು ಮಾಡಲಿ ಸರ್ ಎಂದು ಕೇಳಿದರಂತೆ. ಅವರು ಗೊತ್ತಿಲ್ಲ ಎಂದರಂತೆ. ಡಾಕ್ಟರು ಅದನ್ನು ದೊಡ್ಡ ಕಲಾವಿದರ ವಿನಯ ಎಂದುಕೊಂಡು ಮನೆಯಲ್ಲೆಲ್ಲ ಹೇಳಿಕೊಂಡು ಹೊಗಳಿದರು.

ಎರಡು ವರ್ಷ ಹೀಗೇ ಕಳೆಯಿತು. ಅಚ್ಚುಕೂಟ ಆ ಹೊತ್ತಿಗೆ ಮುಚ್ಚಿ, ಆ ಜಾಗದಲ್ಲಿ ಕಾರು ನಿಲ್ಲಿಸುವ ಅಂಗಳವಾಗಿತ್ತು. ನಾನು ಗುರುವಾರ ಗುರುವಾರ ಹೋಗುತ್ತಿದ್ದೆ. ಹೋದರೆ ಬಾ ಎನ್ನುವರು, ಎದ್ದರೆ ಸರಿ ಎನ್ನುವರು. ನಡುವೆ ಒಂದು ಲೋಟ ಚಹಾ. ಒಮ್ಮೆ ಹೋದಾಗ ಅವರು ಬಾಗಿಲು ತೆರೆದು ಮಾತಾಡಲು ನೋಡಿದರೆ ಗಂಟಲಿನಿಂದ ಸ್ವರ ಹೊರಡದೆ ಕೆಮ್ಮಿ ಸರಿಮಾಡಿಕೊಳ್ಳಬೇಕಾಯಿತು. ಮೂರು ದಿನದಿಂದ ಯಾರ ಜೊತೆಯೂ ಮಾತಾಡಿರಲಿಲ್ಲ, ಕಟ್ಟಿಹೋಗಿದೆ ಎಂದರು. ಹವಾಮಾನದ ವಿಷಯ ಹೇಳುವವರ ಹಾಗೆ ಹೇಳಿದರು.

ಅತ್ತಿಗೆ ಮೇಲಿನಿಂದ ಇಳಿದು ಬಂದದ್ದು ಒಂದು ನಲ್ಲಿಯ ದೆಸೆಯಿಂದ. ಮೇಲಿನ ಬಚ್ಚಲಿನ ಕೊಳಾಯಿ ಸೋರಿ ಚಿಕ್ಕವರ ಚಾವಣಿಯಲ್ಲಿ ತೇವ ಹಬ್ಬಿತ್ತು. ಕೊಳಾಯಿ ರಿಪೇರಿಯವನು ಬಂದು ನೋಡುವವರೆಗೆ ಅತ್ತಿಗೆ ಕೆಳಗೆ ಕೂತರು. ಆ ಮಧ್ಯಾಹ್ನ ನಡೆದದ್ದನ್ನು ಅವರೇ ನನಗೆ ಆಮೇಲೆ ಹೇಳಿದರು. ಕೂತ ಕಡೆಯಿಂದ ಸಿತಾರಿನ ಗವಸಿನ ಮೇಲಿನ ಧೂಳು ಕಾಣುತ್ತಿತ್ತಂತೆ. ಸೆರಗಿನಿಂದ ಒರೆಸುತ್ತಾ, ಯಾಕೆ ಹೀಗೆ ಮಾಡಿಕೊಂಡಿದ್ದೀಯ, ಮೇಲೆ ನಿಮ್ಮಣ್ಣನ ಸದ್ದಿಲ್ಲ, ಕೆಳಗೆ ನಿನ್ನ ಸದ್ದಿಲ್ಲ, ಈ ಮನೆಯಲ್ಲಿ ಹೇಗಿರಲಿ ಎಂದರಂತೆ. ಚಿಕ್ಕವರು ಅದಕ್ಕೆ ಉತ್ತರ ಕೊಡದೆ, ಹದಿಮೂರು ವರ್ಷದಿಂದ ಯಾರನ್ನೂ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿದರು. ಅಂದು ಅಣ್ಣ ಯಾಕೆ ಹೇಳಲಿಲ್ಲ.

“ಹೇಳೋಕೇ ಬಂದ್ರಂತಪ್ಪ,” ಎಂದರು ಅತ್ತಿಗೆ. “ಫೋನ್ ಇಟ್ಟು ಸೀದಾ ನಿನ್ನ ಹತ್ರಾನೇ ಬಂದಿದ್ದು. ಬಾಗಿಲಿಗೆ ಬಂದ್ರೆ ನೀನು ನಗ್ತಾ ಅವರನ್ನೇ ಅಪ್ಪ ಅಂತ ಕರೆದ್ಯಂತೆ. ಬಾಯಿ ಕಟ್ಟಿಹೋಯ್ತು ಅಂದ್ರು. ಆಮೇಲೆ ಹೇಳೋಣ ಅಂತ ಕೂತೆ, ಅಷ್ಟರಲ್ಲಿ ಪರದೆ ಎದ್ದುಬಿಡ್ತು ಅಂದ್ರು. ಬೇರೆ ಏನೂ ಇಲ್ಲ.”

“ನನಗೆ ಇದನ್ನ ಯಾಕೆ ಹೇಳಲಿಲ್ಲ?”

“ನೀನು ಕೇಳಿದ್ಯಾ?”

ಕೊಳಾಯಿಯವನು ಬಂದು ಬಾಗಿಲು ತಟ್ಟಿದ. ಅತ್ತಿಗೆ ಮೇಲೆ ಹೋದರು. ಕೆಲಸ ಮುಗಿಸಿ ಅವನನ್ನು ಕಳಿಸಿ, ಕೆಳಗೆ ಬಂದು ನೋಡಿದರೆ ಚಿಕ್ಕವರು ಅದೇ ಜಾಗದಲ್ಲಿ ಅದೇ ರೀತಿ ಕೂತಿದ್ದರು. ಅಂಗಿಯ ಎದೆ ಒದ್ದೆಯಾಗಿತ್ತು.

ಅದಾದ ಮೇಲೆ ಅತ್ತಿಗೆ ಮಧ್ಯಾಹ್ನ ಮೂರಕ್ಕೆ ದಿನಾ ಇಳಿದು ಬರತೊಡಗಿದರು. ಬಟಾಣಿಯನ್ನೋ ಹೊಲಿಗೆಯನ್ನೋ ಜೊತೆಗೆ ತರುವರು. ಅವರು ಸಂಗೀತ ಕಲಿತವರಲ್ಲ. ಆದರೆ ನಲವತ್ತನಾಲ್ಕು ವರ್ಷ ಪಕ್ಕದ ಕೋಣೆಯಲ್ಲಿ ಗಂಡ ಯಾವ ರಾಗವನ್ನು ಹೇಗೆ ಎತ್ತಿಕೊಳ್ಳುತ್ತಾರೆಂದು ಕೇಳಿದ್ದರು. “ಅವರು ಶುರು ಮಾಡೋದು ಹೀಗಲ್ವಾ?” ಎಂದು ಒಂದು ದಿನ ಬಟಾಣಿ ಬಿಡಿಸುತ್ತಲೇ ಯಮನ್‌ನ ಎತ್ತುಗಡೆಯನ್ನು ಗುನುಗಿದರು. ಧ್ವನಿ ಒಡೆದಿತ್ತು, ಸ್ವರ ಮಾತ್ರ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಚಿಕ್ಕವರು ಸಿತಾರ್ ತೆಗೆದು ಶ್ರುತಿ ಮಾಡಿ ಉತ್ತರ ನುಡಿಸಿದರು. ಅತ್ತಿಗೆ ಮುಂದಿನದನ್ನು ಗುನುಗಿದರು. ಹೀಗೆ ಒಂದು ರಾಗವಾಯಿತು, ಇನ್ನೊಂದಾಯಿತು. ಆರೇಳು ವಾರ ನಡೆಯಿತು. ಚಿಕ್ಕವರ ಮುಖದಲ್ಲಿ ಕಳೆ ಬಂತು. ನಾನು ಹೋದಾಗ ಚಹಾದ ಜೊತೆ ಬಿಸ್ಕತ್ತೂ ಬಂತು.

ಒಂದು ದಿನ ಅತ್ತಿಗೆ ನಿಲ್ಲಿಸಿಬಿಟ್ಟರು. ಚಿಕ್ಕವರು ಕಾಯುತ್ತಿದ್ದರು. ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ ಎಂದರು ಅತ್ತಿಗೆ. ಸ್ವಲ್ಪ ನೆನಪು ಮಾಡಿಕೊಳ್ಳಿ ಎಂದು ಇವರು ಹಟ ಮಾಡಿದರು. ಅತ್ತಿಗೆ ಬುಟ್ಟಿ ಕೆಳಗಿಟ್ಟರು.

“ನಾನು ನಿಮ್ಮಣ್ಣ ಅಲ್ಲ ಕಣೋ. ಅವರ ಜೊತೆ ಸಂಸಾರ ಮಾಡಿದೋಳು. ಅಂಗಿಗೆ ಗುಂಡಿ ಹಚ್ಚಿ ಅಂದ್ರೆ ಹಚ್ಕೊಡ್ತೀನಿ, ಇದನ್ನ ನಾನು ಎಷ್ಟು ದಿನ ಮಾಡ್ಲಿ? ಇನ್ನು ನೀನೇ ಕೇಳ್ಕೋ, ನೀನೇ ಹೇಳ್ಕೋ.”

ಅವರು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಚಿಕ್ಕವರಿಗೆ ಎರಡು ವಾರ ಕೋಪವಿತ್ತು. ಇನ್ನೊಂದು ಹನ್ನೊಂದು ವರ್ಷ ಶುರುವಾಯಿತೇನೋ ಎಂದು ನಾನು ಹೆದರಿದೆ. ಮೂರನೆಯ ವಾರ ನನಗೆ ಫೋನ್ ಬಂತು. ತಬಲಾ ತರಬೇಡ, ಸುಮ್ಮನೆ ಬಾ ಎಂದರು.

ಹೋದರೆ ಅವರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಕಟ್ಟಿಕೊಂಡಿರಬೇಕು, ತೊಡೆಯ ಮೇಲೆ ಬೆರಳು ಆಡಿಸಕೂಡದು ಎಂದರು. ನಾನು ಖಾಲಿ ಜಾಗ ತುಂಬುವುದು ಅವರಿಗೆ ಗೊತ್ತಿತ್ತು. ಎತ್ತಿಕೊಂಡದ್ದು ಮಾರವಾ, ಸೂರ್ಯ ಮುಳುಗುವ ಹೊತ್ತಿನ ರಾಗ. ಅದರಲ್ಲಿ ಆಧಾರ ಸ್ವರವಾದ ಷಡ್ಜವನ್ನು ತಪ್ಪಿಸಿ ತಪ್ಪಿಸಿ ಓಡಾಡಬೇಕು. ಮನೆಯ ಬಾಗಿಲು ಕಾಣುತ್ತದೆ, ಒಳಗೆ ಹೋಗುವ ಹಾಗಿಲ್ಲ. ಅಣ್ಣ ತಮ್ಮ ಅದನ್ನು ಎಂದೂ ನುಡಿಸಿರಲಿಲ್ಲ. ದೊಡ್ಡವರಿಗೆ ಅದು ಇಷ್ಟವಿರಲಿಲ್ಲ. ಇದೇ ಯಾಕೆ ಎಂದು ಕೇಳಿದೆ.

“ಇದನ್ನ ಅಣ್ಣ ಶುರು ಮಾಡಿದ್ದೇ ಇಲ್ಲ,” ಎಂದರು. “ಅತ್ತಿಗೇಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.”

ಅದೊಂದೇ ರಾಗವನ್ನು ಒಂದೂವರೆ ವರ್ಷ ನುಡಿಸಿದರು. ಮೊದಮೊದಲು ಕೇಳಲು ಸಂಕಟವಾಗುತ್ತಿತ್ತು. ಒಂದು ಮಾತು ಆಡುವರು, ಕಿವಿ ಬಲಕ್ಕೆ ವಾಲುವುದು, ನಿಲ್ಲಿಸಿ ಗೋಡೆ ನೋಡುವರು. ಅರವತ್ತು ದಾಟಿದವರು ಆರು ವರ್ಷದ ಹುಡುಗನ ಹಾಗೆ ಒಂದೇ ಸಾಲನ್ನು ಇಪ್ಪತ್ತು ಸಲ ತಿದ್ದುತ್ತಿದ್ದರು. ಬೆರಳಿನ ಗೆರೆ ಒಡೆದು ರಕ್ತ ಬಂದರೆ ಬಟ್ಟೆ ಸುತ್ತಿಕೊಂಡು, ಆವತ್ತಿನ ಮಟ್ಟಿಗೆ ಬಲಗೈಯ ಪೆಟ್ಟುಗಳನ್ನಷ್ಟೇ ಅಭ್ಯಾಸ ಮಾಡುತ್ತಿದ್ದರು. ಕ್ರಮೇಣ ನಿಲ್ಲಿಸುವ ಜಾಗಗಳು ಬದಲಾದವು. ಕಾಯುವುದಕ್ಕೆ ನಿಲ್ಲುತ್ತಿದ್ದವರು ಯೋಚಿಸುವುದಕ್ಕೆ ನಿಲ್ಲತೊಡಗಿದರು. ಎರಡೂ ಮೌನವೇ. ಆದರೆ ತಬಲಾದವನಿಗೆ ಅದರ ವ್ಯತ್ಯಾಸ ಗೊತ್ತಾಗುತ್ತದೆ.

ಅವರು ಒಬ್ಬರೇ ನುಡಿಸಿದ್ದು ಒಂದು ಗ್ರಂಥಾಲಯದ ಓದುವ ಕೋಣೆಯಲ್ಲಿ. ಹಲ್ಲಿನ ಡಾಕ್ಟರು ಏರ್ಪಾಡು ಮಾಡಿದ್ದು. ಸಂಜೆ ಐದೂವರೆ, ಅರವತ್ತು ಕುರ್ಚಿ, ಅದರಲ್ಲಿ ನಲವತ್ತು ತುಂಬಿದ್ದವು. ಅತ್ತಿಗೆ ಕೊನೆಯ ಸಾಲಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದ ಕೋಣೆಯಲ್ಲಿ ಯಾರೋ ಪುಸ್ತಕಕ್ಕೆ ಮುದ್ರೆ ಒತ್ತುವ ಸದ್ದು ಕೇಳುತ್ತಿತ್ತು. ಎತ್ತುಗಡೆಯಲ್ಲೇ ಚಿಕ್ಕವರ ಬೆರಳು ಜಾರಿ ಒಂದು ಸ್ವರ ಹುಸಿಯಾಯಿತು. ನಾನು ಕಣ್ಣು ಮುಚ್ಚಿಕೊಂಡೆ. ಅವರು ನಿಲ್ಲಲಿಲ್ಲ. ಅದೇ ಹುಸಿ ಸ್ವರದ ಕಡೆ ಮತ್ತೆ ಹೋಗಿ, ತಂತಿಯನ್ನು ಎಳೆದು ಎಳೆದು ಎಲ್ಲಿ ಮುಟ್ಟಬೇಕಿತ್ತೋ ಅಲ್ಲಿಗೆ ಮುಟ್ಟಿಸಿದರು. ಅಲ್ಲಿಂದ ಮುಂದೆ ಒಂದು ಗಂಟೆ ಇಪ್ಪತ್ತು ನಿಮಿಷ. ನನ್ನ ಪಾಲಿಗೆ ಬಂದದ್ದು ಕೊನೆಯ ಕಾಲು ಗಂಟೆ. ಇಬ್ಬರು ನಡುವೆ ಎದ್ದು ಹೋದರು. ಯಾರೂ ಅಳಲಿಲ್ಲ. ಚಪ್ಪಾಳೆ ಸಾಧಾರಣವಾಗಿತ್ತು. ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ.

ಹೊರಗೆ ಬಸ್ಸಿಗೆ ಕಾಯುತ್ತಾ ಹೇಗಿತ್ತು ಎಂದು ಅವರೇ ನನ್ನನ್ನು ಕೇಳಿದರು. ಇಷ್ಟು ವರ್ಷದಲ್ಲಿ ಕೇಳಿದ್ದು ಅದೇ ಮೊದಲು. ಚೆನ್ನಾಗಿತ್ತು ಎಂದೆ. ಅದು ನಿಜ.

“ನನಗೂ ಹಾಗೇ ಅನಿಸ್ತು,” ಎಂದರು. ಬಸ್ಸು ಬರುವ ದಿಕ್ಕು ನೋಡುತ್ತಾ, “ಯಾರ ಹತ್ರ ಮಾತಾಡ್ತಾ ಇದೀನಿ ಅನ್ನೋದು ಮಾತ್ರ ಕೊನೇವರೆಗೂ ಗೊತ್ತಾಗ್ಲಿಲ್ಲ.”

ಬಸ್ಸು ಬಂದಾಗ ಅತ್ತಿಗೆ ಅವರ ಪೆಟ್ಟಿಗೆಯ ಒಂದು ತುದಿ ಹಿಡಿದುಕೊಂಡರು.

ಅದಾಗಿ ಐದು ವರ್ಷವಾಯಿತು. ಅಂಥ ಸಣ್ಣಪುಟ್ಟ ಜಾಗಗಳಲ್ಲಿ ಅವರು ಇಪ್ಪತ್ತಕ್ಕೂ ಹೆಚ್ಚು ಕಛೇರಿ ಮಾಡಿದ್ದಾರೆ. ಕೇಳುವವರು ಕಡಿಮೆ, ಕೇಳಿದವರು ಮತ್ತೆ ಬರುತ್ತಾರೆ. ಅತ್ತಿಗೆ ಹೋದ ವರ್ಷ, ಮದುವೆಯಾಗಿ ಬೇರೆ ಊರಿನಲ್ಲಿರುವ ಮಗಳ ಮನೆಗೆ ಹೋದರು, ಅಲ್ಲಿ ಮೊಮ್ಮಗು ಹುಟ್ಟಿದೆ. ಮೇಲಿನ ಅಂತಸ್ತಿಗೆ ಬೀಗ ಬಿದ್ದಿದೆ. ಚಿಕ್ಕವರು ಈಗಲೂ ಒಂದೇ ತಟ್ಟೆ ತೊಳೆದಿಟ್ಟುಕೊಳ್ಳುತ್ತಾರೆ. ಒಂಟಿತನ ಹೋಯಿತು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಅದು ಅವರ ಜೊತೆಗೇ ಇದೆ, ಅವರು ಅದರ ಜೊತೆ ಹೊಂದಿಕೊಂಡಿದ್ದಾರೆ.

ಮೊನ್ನೆ ಗುರುವಾರ ಒಂದು ಸುದ್ದಿ ಹಿಡಿದು ಹೋಗಿದ್ದೆ. ದೊಡ್ಡ ಸಭಾಂಗಣವೊಂದರವರು ಇವರನ್ನೂ ಒಬ್ಬ ಒಳ್ಳೆಯ ಯುವ ಸರೋದ್ ವಾದಕನನ್ನೂ ಜೊತೆಯಾಗಿ ಕೂರಿಸಬೇಕೆಂದು ನನ್ನ ಮೂಲಕ ಕೇಳಿದ್ದರು. ಚಿಕ್ಕವರು ಹಳೆಯ ತಂತಿ ಬಿಚ್ಚಿ ಹೊಸದು ಸುತ್ತುತ್ತಿದ್ದರು. ಈಗಿನ ತಂತಿ ಮೊದಲಿನ ಹಾಗಿಲ್ಲ, ಎರಡು ವಾರಕ್ಕೇ ಮಂಕಾಗುತ್ತದೆ ಎಂದು ಗೊಣಗಿದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಹುಡುಗ ಹೇಗೆ ನುಡಿಸುತ್ತಾನೆ ಎಂದು ವಿಚಾರಿಸಿದರು. ಚೆನ್ನಾಗಿ ಪ್ರಶ್ನೆ ಕೇಳುತ್ತಾನೆ ಎಂದೆ.

“ಬೇಡ ತಬಲಾ,” ಎಂದರು, ಬಿರಡೆ ತಿರುಗಿಸುತ್ತಾ. “ಒಬ್ಬನೇ ಮಾತಾಡೋಕೆ ಈಗಷ್ಟೇ ಕಲ್ತಿದೀನಿ. ಇನ್ನೊಂದಷ್ಟು ದಿನ ಆಡ್ತೀನಿ.”

ನಾನು ಇನ್ನೂ ಸ್ವಲ್ಪ ಹೊತ್ತು ಕೂರಬಹುದೆಂದುಕೊಂಡಿದ್ದೆ, ಚಹಾ ಕೂಡ ಅರ್ಧ ಉಳಿದಿತ್ತು. ಅವರು ತಂತಿಯ ತುದಿ ಕತ್ತರಿಸಿ, ಕೈ ಒರೆಸಿಕೊಂಡು, ಬಾಗಿಲ ಕಡೆ ನೋಡಿದರು.

“ಸರಿ, ನೀನು ಹೊರಡು. ನನಗೆ ಕೆಲಸ ಇದೆ.”